ಬ್ರಿಕ್ಕಿನಲ್ಲಿ ಮಂಗಟ್ಟೆ: ಸ್ವಂತ ವಿನ್ಯಾಸದ ಲೆಗೋ ಶಿಲ್ಪ ಕಟ್ಟುವ ಸಮಗ್ರ ಮಾರ್ಗದರ್ಶಿ

ಡಬ್ಬಿಯೊಳಗಿನ ಪುಸ್ತಕ ನೋಡಿಕೊಂಡು ಲೆಗೋ ಕಟ್ಟುವುದು ಯಾರಿಗೂ ಕಷ್ಟವಲ್ಲ. ಪುಸ್ತಕ ಪಕ್ಕಕ್ಕಿಟ್ಟು ನಮ್ಮದೇ ಒಂದು ಆಕಾರ ಕಟ್ಟಲು ಕೂತಾಗ ಕೈ ನಿಂತುಬಿಡುತ್ತದೆ. ಒಂದೇ ಬಣ್ಣದ, 2×4 ಅಳತೆಯ (ಮೇಲೆ ನಾಲ್ಕು ಉಬ್ಬುಗಳ ಎರಡು ಸಾಲಿರುವ) ಆರು ಬ್ರಿಕ್‌ಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದಂತೆ, ಗಣಿತದವರು ಲೆಕ್ಕ ಹಾಕಿಟ್ಟಿದ್ದಾರೆ. ಆರಕ್ಕೇ ಇಷ್ಟು ದಾರಿ ಇದ್ದರೆ ಸಾವಿರಾರು ಬ್ರಿಕ್ ಮುಂದಿಟ್ಟುಕೊಂಡವರ ಗತಿ ಏನು? ಅದಕ್ಕೇ ಮೊದಲ ಬ್ರಿಕ್ ಹಿಡಿಯುವ ಮುಂಚೆ ಎರಡು ವಿಷಯ ತೀರ್ಮಾನ ಆಗಿರಬೇಕು: ಶಿಲ್ಪದ ಭಂಗಿ ಯಾವುದು, ಅದರ ಭಾರ ಎಲ್ಲಿ ಬೀಳುತ್ತದೆ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ.

ಉದಾಹರಣೆಗೆ ನಮ್ಮ ಕೊಡಗಿನ ಕಾಡಿನ ದೊಡ್ಡ ಮಂಗಟ್ಟೆ ಹಕ್ಕಿಯನ್ನೇ ತೆಗೆದುಕೊಂಡಿದ್ದೇನೆ. ಎಲ್ಲರೂ ಆನೆಗೆ ಕೈ ಹಾಕುತ್ತಾರೆ. ದುಬಾರೆ ಆನೆ ಶಿಬಿರ ಹತ್ತಿರವೇ ಇದೆಯಲ್ವಾ! ಆದರೆ ನಾಲ್ಕು ಕಾಲಿನ ಮೇಲೆ ನಿಲ್ಲುವ ಆನೆ ಸುಲಭ, ಅದರಿಂದ ಕಲಿಯುವುದು ಕಡಿಮೆ. ಮಂಗಟ್ಟೆಯ ಕಥೆ ಬೇರೆ. ಮುಂದಕ್ಕೆ ಚಾಚಿದ ದೊಡ್ಡ ಕೊಕ್ಕು, ಹಿಂದೆ ಇಳಿಬಿದ್ದ ಬಾಲ, ಇಷ್ಟೂ ಒಂದು ಕೊಂಬೆಯ ಮೇಲೆ. ಬ್ರಿಕ್ ಶಿಲ್ಪದ ಕಷ್ಟಗಳೆಲ್ಲ ಒಂದೇ ಕಡೆ ಸಿಗುತ್ತವೆ. ಇನ್ನೊಂದು ಅನುಕೂಲ, ಇದರ ಬಣ್ಣ ಕಪ್ಪು, ಬಿಳಿ, ಹಳದಿ. ಬ್ರಿಕ್‌ಗಳಲ್ಲಿ ಸುಲಭವಾಗಿ ಸಿಗುವ ಬಣ್ಣಗಳೇ ಇವು.

ಯಾವಾಗ ಶುರು ಮಾಡಬೇಕು? ಇಲ್ಲಿ ಅದಕ್ಕೆ ಮಳೆಗಾಲವೇ ಸರಿ. ನವೆಂಬರ್ ಬಂತೆಂದರೆ ಹುತ್ತರಿ, ಅದರ ಹಿಂದೆಯೇ ಕಾಫಿ ಕೊಯ್ಲು, ಯಾರಿಗೂ ಪುರುಸೊತ್ತಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲು ಆಗದಿರುವಾಗ ಕೂತು ಕಟ್ಟಬಹುದು. ಆದರೆ ಬ್ರಿಕ್‌ಗಳನ್ನು ಮೇ ತಿಂಗಳಲ್ಲೇ ತರಿಸಿಬಿಡಿ. ಜುಲೈಯಲ್ಲಿ ಘಾಟಿ ರಸ್ತೆಯನ್ನು ನಂಬಿ ಪಾರ್ಸೆಲ್ ಕಾಯುವುದು ಬೇಡ.

ಮೊದಲು ಹಕ್ಕಿಯನ್ನು ನೋಡಿ

ಒಂದು ಚಂದದ ಫೋಟೋ ಸಾಲದು. ಪಕ್ಕದಿಂದ, ಎದುರಿನಿಂದ, ಮೇಲಿನಿಂದ, ಹೀಗೆ ಮೂರು ನೋಟ ಬೇಕು. ಮೇಲಿನ ನೋಟ ಸಿಗುವುದು ಕಷ್ಟ. ಹಾರುತ್ತಿರುವ ಹಕ್ಕಿಯ ಫೋಟೋದಲ್ಲಿ ರೆಕ್ಕೆ, ಬೆನ್ನಿನ ಅಗಲ ಅಂದಾಜು ಮಾಡಿಕೊಳ್ಳಿ.

ಗಂಡೋ ಹೆಣ್ಣೋ ಎಂದೂ ಈಗಲೇ ತೀರ್ಮಾನಿಸಿ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಗಂಡಿನ ಕೊಕ್ಕಿನ ಮೇಲಿನ ಟೊಪ್ಪಿಯಲ್ಲಿ ಮುಂದೆ ಮತ್ತು ಹಿಂದೆ ಕಪ್ಪು ಗುರುತು ಇರುತ್ತದೆ, ಹೆಣ್ಣಿಗೆ ಆ ಕಪ್ಪು ಇಲ್ಲ. ಎರಡನ್ನೂ ಬೆರೆಸಿ ಕಟ್ಟಿದರೆ ಬೆಂಗಳೂರಿನವರು ಸುಮ್ನೆ ಹೊಗಳಿ ಹೋಗಬಹುದು. ತೋಟದಲ್ಲಿ ಬೆಳೆದ ಅಜ್ಜಂದಿರ ಕಣ್ಣು ತಪ್ಪಿಸಲು ಆಗುವುದಿಲ್ಲ.

ಮುಖ ಕಪ್ಪು. ಕುತ್ತಿಗೆ ಬಿಳಿ, ಅದರ ಮೇಲೆ ಹಳದಿ ಛಾಯೆ. ಅದು ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ತಾನೇ ಪುಕ್ಕಕ್ಕೆ ಹಚ್ಚಿಕೊಂಡು ಬರುವ ಬಣ್ಣ. ಹಾಗಾಗಿ ಎಲ್ಲ ಹಕ್ಕಿಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ, ನಿಮ್ಮ ಹತ್ತಿರ ಇರುವ ಬಣ್ಣಕ್ಕೆ ಹೊಂದಿಸಿಕೊಳ್ಳಬಹುದು. ಕಪ್ಪು ರೆಕ್ಕೆಯಲ್ಲಿ ಬಿಳಿ ಪಟ್ಟೆ, ಬಿಳಿ ಬಾಲದಲ್ಲಿ ಒಂದು ಅಗಲವಾದ ಕಪ್ಪು ಪಟ್ಟೆ.

ಫೋಟೋ ಮೇಲೆ ಪಾರದರ್ಶಕ ಹಾಳೆ ಇಟ್ಟು ಹೊರಗೆರೆ ಮಾತ್ರ ಎಳೆಯಿರಿ. ಒಳಗೆಲ್ಲ ಕಪ್ಪು ತುಂಬಿ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರ ನಿಂತು ನೋಡಿ. ಬರೀ ನೆರಳಿನಲ್ಲೇ ಮಂಗಟ್ಟೆ ಅಂತ ಗೊತ್ತಾದರೆ ಭಂಗಿ ಸರಿ ಇದೆ. ಕಾಗೆಯೋ ಗಿಡುಗವೋ ಅನಿಸಿದರೆ ಕಣ್ಣು, ಪಟ್ಟೆ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಕುತ್ತಿಗೆಯನ್ನು ಸ್ವಲ್ಪ ಉದ್ದ ಮಾಡಿ, ಕೊಕ್ಕನ್ನು ತುಸು ಕೆಳಗೆ ವಾಲಿಸಿದರೆ ಸರಿಹೋಗುತ್ತದೆ.

ಎಷ್ಟು ದೊಡ್ಡದು

ನಿಜವಾದ ಹಕ್ಕಿ ಕೊಕ್ಕಿನಿಂದ ಬಾಲದ ತುದಿಗೆ ಸುಮಾರು ಒಂದು ಮೀಟರ್. ಅಷ್ಟೇ ದೊಡ್ಡದು ಕಟ್ಟುವ ಆಸೆ ಬರುವುದು ಸಹಜ. ಆದರೆ ಅಳತೆ ಎರಡು ಪಟ್ಟು ಮಾಡಿದರೆ ಬ್ರಿಕ್ ಎರಡು ಪಟ್ಟಿಗೆ ನಿಲ್ಲುವುದಿಲ್ಲ. ಒಳಗೆ ಟೊಳ್ಳು ಬಿಟ್ಟರೂ ನಾಲ್ಕು ಪಟ್ಟು ಬೇಕು, ಗಟ್ಟಿಯಾಗಿ ತುಂಬಿದರೆ ಎಂಟು ಪಟ್ಟು. ಮೊದಲ ಶಿಲ್ಪಕ್ಕೆ ಅರ್ಧ ಅಳತೆ ಸಾಕು, ಅಂದರೆ ಸುಮಾರು 50 ಸೆಂ.ಮೀ.

ಬೇರೆ ಏನನ್ನಾದರೂ ಕಟ್ಟುವವರಿಗೆ ಒಂದು ಸೂತ್ರ: ಬಿಡಲೇಬಾರದ ಅತಿ ಚಿಕ್ಕ ಭಾಗ ಯಾವುದೋ ಅದು ಒಂದು ಬ್ರಿಕ್‌ನಲ್ಲಿ ಬರುವಷ್ಟು ಶಿಲ್ಪ ದೊಡ್ಡದಿರಬೇಕು. ಮಂಗಟ್ಟೆಯಲ್ಲಿ ಅದು ಕಣ್ಣು. ಕೊಡವರ ಕಿರುಗತ್ತಿ ಪೀಚೆಕತ್ತಿ ಕಟ್ಟುವುದಾದರೆ ಹಿಡಿಯ ಮೇಲಿನ ಕೆತ್ತನೆ.

ಗ್ರಾಫ್ ಹಾಳೆಯ ಮೋಸ

ಬ್ರಿಕ್‌ನ ಮೇಲಿರುವ ಉಬ್ಬಿಗೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿ.ಮೀ. ಬ್ರಿಕ್‌ನ ಎತ್ತರ 9.6 ಮಿ.ಮೀ. ತೆಳು ಪ್ಲೇಟ್‌ನ ಎತ್ತರ 3.2 ಮಿ.ಮೀ., ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್. ಈ ಮೂರು ಸಂಖ್ಯೆ ಬಾಯಿಪಾಠ ಆಗಿರಲಿ.

ಈಗ ಮಕ್ಕಳ ಚೌಕುಳಿ ಪುಸ್ತಕದಲ್ಲಿ 30 ಮನೆ ಅಗಲ, 30 ಮನೆ ಎತ್ತರದ ಹಕ್ಕಿ ಬರೆದಿರಿ ಅಂದುಕೊಳ್ಳಿ. ಕಟ್ಟಿದಾಗ ಅಗಲ 240 ಮಿ.ಮೀ., ಎತ್ತರ 288 ಮಿ.ಮೀ. ಹಕ್ಕಿ ಐದನೇ ಒಂದು ಭಾಗ ಉದ್ದಕ್ಕೆ ಎಳೆದ ಹಾಗೆ ಆಯಿತು. ಅದಕ್ಕೆ ಮನೆಗಳು 5ಕ್ಕೆ 6ರ ಪ್ರಮಾಣದಲ್ಲಿರುವ ಹಾಳೆ ಬೇಕು. ಅಗಲ 5 ಮಿ.ಮೀ., ಎತ್ತರ 6 ಮಿ.ಮೀ. ಗೆರೆ ಹಾಕಿ ಒಂದು ಹಾಳೆ ಮಾಡಿಕೊಂಡು ಜೆರಾಕ್ಸ್ ತೆಗೆಸಿಟ್ಟುಕೊಳ್ಳಿ.

ಪಕ್ಕದ ನೋಟವನ್ನು ಈ ಹಾಳೆಗೆ ಇಳಿಸಿ. ಎದುರಿನ ನೋಟವನ್ನು ಅಷ್ಟೇ ಸಾಲುಗಳ ಇನ್ನೊಂದು ಹಾಳೆಗೆ. ಈಗ ಪ್ರತಿ ಸಾಲಿಗೂ ಎರಡು ಸಂಖ್ಯೆ ಸಿಗುತ್ತವೆ, ಪಕ್ಕದ ಚಿತ್ರದಿಂದ ಉದ್ದ, ಎದುರಿನ ಚಿತ್ರದಿಂದ ಅಗಲ. ಆ ಉದ್ದ ಅಗಲದೊಳಗೆ ಒಂದು ಮೊಟ್ಟೆಯಾಕಾರ ಬರೆದರೆ ಆ ಸಾಲಿನ ನಕ್ಷೆ ಮುಗಿಯಿತು. ಮೇಲಿನಿಂದ ನೋಡುವ ನಕ್ಷೆ ಇದು, ಇದಕ್ಕೆ ಮಾಮೂಲಿ ಚೌಕದ ಗ್ರಾಫೇ ಸರಿ.

ಎದೆಯ ಭಾಗದ ಒಂದು ಸಾಲು ನೋಡೋಣ. ಉದ್ದ 16 ಸ್ಟಡ್, ಅಗಲ 12. ಮುಂದಿನಿಂದ ಹಿಂದಕ್ಕೆ ಅಗಲ ಹೀಗೆ ಬದಲಾಗುತ್ತದೆ: 4, 6, 8, 10, 10, 12, 12, 12, ಆಮೇಲೆ ಅದೇ ಸಂಖ್ಯೆ ತಿರುಗಿ 12, 12, 12, 10, 10, 8, 6, 4. ಒಟ್ಟು 148 ಸ್ಟಡ್. ಪೂರ್ತಿ ತುಂಬಿದರೆ 2×4 ಬ್ರಿಕ್ 19 ಬೇಕು. ಸುತ್ತ 2 ಸ್ಟಡ್ ದಪ್ಪದ ಗೋಡೆ ಮಾತ್ರ ಕಟ್ಟಿ ನಡುವೆ ಟೊಳ್ಳು ಬಿಟ್ಟರೆ ಸುಮಾರು ಅರ್ಧಕ್ಕೆ ಮುಗಿಯುತ್ತದೆ. ದುಡ್ಡಿಗೂ ಒಳ್ಳೆಯದು, ತೂಕಕ್ಕೂ ಒಳ್ಳೆಯದು. ಅಂದಹಾಗೆ ಮಂಗಟ್ಟೆಯ ಕೊಕ್ಕಿನ ಮೇಲಿನ ಟೊಪ್ಪಿಯೂ ಒಳಗೆ ಬಹುಪಾಲು ಟೊಳ್ಳೇ!

ಅಗಲದಲ್ಲಿ ಎಲ್ಲ ಸಮ ಸಂಖ್ಯೆ ಇರುವುದನ್ನು ಗಮನಿಸಿದಿರಾ? ಹಕ್ಕಿಯ ನಡುಗೆರೆ ಎರಡು ಸ್ಟಡ್‌ಗಳ ನಡುವೆ ಹೋಗುತ್ತದೆ. ಒಂದು ಸಾಲು 12, ಮುಂದಿನದು 11 ಅಂತ ಮಾಡಿದರೆ ಎಡಕ್ಕೋ ಬಲಕ್ಕೋ ಗೂನು ಬರುತ್ತದೆ. ಮಧ್ಯದಲ್ಲಿ ಬೆಸ ಅಗಲ ಬೇಕೇ ಬೇಕು ಅಂದರೆ ಜಂಪರ್ ಪ್ಲೇಟ್ (ನಡುವೆ ಒಂದೇ ಸ್ಟಡ್ ಇರುವ ಪ್ಲೇಟ್) ಹಾಕಿ ಅರ್ಧ ಸ್ಟಡ್ ಸರಿಸಬೇಕು. ಮೊದಲ ಸಲಕ್ಕೆ ಆ ಗೋಜು ಬೇಡ.

ಕಂಪ್ಯೂಟರ್ ಇದ್ದವರು ಈ ನಕ್ಷೆಯನ್ನು ಸ್ಟುಡಿಯೋ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿಕೊಳ್ಳಬಹುದು. ಅದು ಬಿಡಿ ಬ್ರಿಕ್ ಮಾರುವ ಆನ್‌ಲೈನ್ ಸಂತೆ ಬ್ರಿಕ್‌ಲಿಂಕ್‌ನವರದು, 2019ರಿಂದ ಬ್ರಿಕ್‌ಲಿಂಕ್ ಲೆಗೋ ಕಂಪನಿಯ ಕೈಯಲ್ಲಿದೆ. ಯಾವ ಬ್ರಿಕ್ ಎಷ್ಟು ಬೇಕು ಎಂಬ ಪಟ್ಟಿ ತಾನೇ ಬರುತ್ತದೆ, ಯಾವ ಜೋಡಣೆ ಸಡಿಲ ಎಂದೂ ತೋರಿಸುತ್ತದೆ. ಆದರೆ ಕಾಗದದ ಹಂತ ಬಿಟ್ಟು ನೇರ ಅಲ್ಲಿಗೆ ಹೋಗಬೇಡಿ. ಪರದೆಯ ಮೇಲೆ ಭಾರ ಗೊತ್ತಾಗುವುದಿಲ್ಲ, ಗಾಳಿಯಲ್ಲಿ ತೇಲುವ ಬ್ರಿಕ್ಕೂ ಅಲ್ಲಿ ಸುಮ್ಮನೆ ನಿಂತಿರುತ್ತದೆ. ಮತ್ತೆ ಮಳೆಗಾಲದ ಕರೆಂಟಿನ ಹಣೆಬರಹ ಎಲ್ಲರಿಗೂ ಗೊತ್ತಲ್ಲ, ಆಗಾಗ ಸೇವ್ ಮಾಡುತ್ತಿರಿ.

ಸಾಮಾನು

ಬ್ರಿಕ್‌ಗಳನ್ನು ಬಿಡಿಯಾಗಿ ಮಾರುವ ಆನ್‌ಲೈನ್ ಅಂಗಡಿಗಳಿವೆ, ಹಳೆಯ ಸೆಟ್‌ಗಳನ್ನು ತೂಕದ ಲೆಕ್ಕದಲ್ಲಿ ಕೊಡುವವರೂ ಸಿಗುತ್ತಾರೆ. ಹೊರಗೆ ಕಾಣುವ ಬ್ರಿಕ್‌ಗೆ ಮಾತ್ರ ಬಣ್ಣ ಮುಖ್ಯ. ಒಳಗಿನ ಗೋಡೆಗೆ ಮನೆಯಲ್ಲಿರುವ ಕೆಂಪು, ನೀಲಿ, ಹಸಿರು ಎಲ್ಲವೂ ನಡೆಯುತ್ತದೆ. ಕಡಿಮೆ ಬೆಲೆಯ ಬೇರೆ ಬ್ರ್ಯಾಂಡ್‌ಗಳದ್ದು ಹಾಕಬಹುದೇ ಎಂದರೆ, ಧಾರಾಳವಾಗಿ ಹಾಕಿ. ಆದರೆ ಭಾರ ಹೊರುವ ಒಂದು ಭಾಗದಲ್ಲಿ ಎರಡು ಬ್ರ್ಯಾಂಡ್ ಬೆರೆಸಬೇಡಿ. ಕಚ್ಚಿಕೊಳ್ಳುವ ಬಿಗಿ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ, ಬಿರುಕು ಅಲ್ಲೇ ಶುರುವಾಗುವುದು.

ಪ್ಲೇಟ್‌ಗಳನ್ನು ಪಟ್ಟಿಯಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತರಿಸಿ. ತಿದ್ದುವಾಗ ಖರ್ಚಾಗುವುದು ಅವೇ. ಬಂದ ಮೇಲೆ ಬಣ್ಣದ ಪ್ರಕಾರ ವಿಂಗಡಿಸಬೇಡಿ, ಆಕಾರದ ಪ್ರಕಾರ ವಿಂಗಡಿಸಿ. ಬೇರೆ ಬೇರೆ ಬಣ್ಣದ ರಾಶಿಯಲ್ಲಿ ಕಪ್ಪು ಬ್ರಿಕ್ ತಕ್ಷಣ ಕಣ್ಣಿಗೆ ಬೀಳುತ್ತದೆ. ಕಪ್ಪು ರಾಶಿಯಲ್ಲಿ ಕಪ್ಪು 1×2 ಪ್ಲೇಟ್ ಹುಡುಕುವುದಿದೆಯಲ್ಲ, ಅದೂ ಮೋಡ ಮುಸುಕಿದ ಮಧ್ಯಾಹ್ನ, ಶತ್ರುವಿಗೂ ಬೇಡ.

ಅಡಿಪಾಯ ಮತ್ತು ಕೊಂಬೆ

ಅಂಗಡಿಯಲ್ಲಿ ಸಿಗುವ ತೆಳು ಹಸಿರು ಬೇಸ್‌ಪ್ಲೇಟ್ ಬೇಡ, ಅದು ಬಾಗುತ್ತದೆ. ಅಗಲ ಪ್ಲೇಟ್‌ಗಳನ್ನು ಎರಡು ಪದರ ಹಾಕಿ, ಮೇಲಿನ ಪದರ ಕೆಳಗಿನದಕ್ಕೆ ಅಡ್ಡಡ್ಡ ಬರಲಿ. ಅದನ್ನು ಮರದ ಹಲಗೆಯ ಮೇಲೆ ಕೂರಿಸಿ. ಸಾದಾ ಪ್ಲೈವುಡ್ ನಮ್ಮ ಮಳೆಗೆ ಸೊಟ್ಟಗಾಗುತ್ತದೆ, ಹಲಗೆ ಸೊಟ್ಟಗಾದರೆ ಮೇಲಿನ ಪ್ಲೇಟ್ ಬಿಟ್ಟುಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಹಲಗೆಗೆ ಎಲ್ಲ ಮುಖಕ್ಕೂ, ಅಡಿಗೂ ಸೇರಿಸಿ, ವಾರ್ನಿಷ್ ಹೊಡೆದು ಬಳಸಿ.

ಕೊಂಬೆಗೆ ನಿಜವಾದ ಕಾಫಿ ಗಿಡದ ಕಟ್ಟಿಗೆ ಇಟ್ಟರೆ ಚೆಂದ ಅಲ್ವಾ ಎಂದು ಅನೇಕರು ಕೇಳುತ್ತಾರೆ. ನೋಡಲು ಚೆಂದವೇ. ಆದರೆ ಬ್ರಿಕ್ಕನ್ನು ಮರಕ್ಕೆ ಗಟ್ಟಿಯಾಗಿ ಹಿಡಿಸಲು ಸ್ಕ್ರೂ ಹಾಕಬೇಕಾಗುತ್ತದೆ, ಆಮೇಲೆ ಬಿಚ್ಚಿ ತಿದ್ದಲು ಆಗುವುದಿಲ್ಲ. ಕೊಂಬೆಯನ್ನೂ ಬ್ರಿಕ್‌ನಲ್ಲೇ ಕಟ್ಟುವುದು ವಾಸಿ, ಕಂದು ಮತ್ತು ಬೂದು ಬೆರೆಸಿ.

ಕೊಂಬೆಯ ಒಳಗೆ ಒಂದು ಬೆನ್ನೆಲುಬು ಬೇಕು. ಅದಕ್ಕೆ ಟೆಕ್ನಿಕ್ ಭಾಗಗಳು, ಅಂದರೆ ಪಿನ್ ಹೊಡೆದು ಜೋಡಿಸುವ ಲೆಗೋ ಭಾಗಗಳು. ತೂತಿರುವ ಟೆಕ್ನಿಕ್ ಬ್ರಿಕ್, ಅದರ ಮೇಲೆ 2 ಪ್ಲೇಟ್, ಅದರ ಮೇಲೆ ಮತ್ತೊಂದು ಟೆಕ್ನಿಕ್ ಬ್ರಿಕ್ ಇಡಿ. 9.6 ಮತ್ತು 6.4 ಸೇರಿ ತೂತಿನಿಂದ ತೂತಿಗೆ ಸರಿಯಾಗಿ 16 ಮಿ.ಮೀ. ಬರುತ್ತದೆ, ಅಂದರೆ 2 ಸ್ಟಡ್. ಈಗ ಪಕ್ಕದಿಂದ ಒಂದು ಉದ್ದ ಟೆಕ್ನಿಕ್ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಪಿನ್ ಹೊಡೆದರೆ ಪದರಗಳು ಮೇಲಕ್ಕೆ ಬಿಚ್ಚಿಕೊಳ್ಳಲು ಸಾಧ್ಯವೇ ಇಲ್ಲ. ಇಡೀ ಶಿಲ್ಪದಲ್ಲಿ ಇದಕ್ಕಿಂತ ಬಲವಾದ ಜೋಡಣೆ ಇನ್ನೊಂದಿಲ್ಲ. ಕೊಂಬೆಯಿಂದ ಹಕ್ಕಿಯ ಹೊಟ್ಟೆಯೊಳಕ್ಕೆ ಇಂಥ ಎರಡು ಕಂಬ ಹೋಗಲಿ.

ಕಾಲಿನ ಮೇಲೆ ಭಾರ ಹಾಕಬೇಡಿ. ಹೊಟ್ಟೆ ನೇರವಾಗಿ ಕೊಂಬೆಯ ಮೇಲೆ ಕೂರಲಿ. ಬೆರಳುಗಳು, ಮುಂದೆ ಮೂರು ಹಿಂದೆ ಒಂದು, ಬರೀ ನೋಟಕ್ಕೆ.

ಮೈ ಕಟ್ಟುವುದು

ಗಾರೆ ಮೇಸ್ತ್ರಿ ಗೋಡೆ ಎಬ್ಬಿಸುವುದನ್ನು ನೋಡಿದ್ದೀರಲ್ಲ, ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಸಂದಿ ಬರಲು ಆತ ಬಿಡುವುದೇ ಇಲ್ಲ. ಇಲ್ಲೂ ಅದೇ ನಿಯಮ. ಬ್ರಿಕ್ ಒಡೆಯುತ್ತದೆ ಎಂಬ ಭಯ ಬೇಡ. 2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯಲ್ಲಿ ಒಂದು 2×2 ಬ್ರಿಕ್ಕನ್ನು ಯಂತ್ರದಲ್ಲಿಟ್ಟು ಒತ್ತಿದಾಗ ಅದು ಸುಮಾರು 430 ಕಿಲೋ ಭಾರದವರೆಗೆ ತಡೆದುಕೊಂಡಿತ್ತು. ಒತ್ತಿದರೆ ಏನೂ ಆಗದ ಬ್ರಿಕ್, ಎಳೆದರೆ ಮಗುವಿನ ಕೈಗೂ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಭಾರ ಯಾವಾಗಲೂ ಒತ್ತುವ ದಿಕ್ಕಿಗೆ ಬೀಳಬೇಕು, ಎಳೆಯುವ ದಿಕ್ಕಿಗೆ ಬೀಳಬಾರದು. ಮುಂದೆ ಕೊಕ್ಕಿನ ವಿಷಯ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

2 ಸ್ಟಡ್ ದಪ್ಪದ ಗೋಡೆಯಲ್ಲಿ ಮೇಲಿನ ಸಾಲು 1 ಸ್ಟಡ್ ಹೊರಗೆ ಚಾಚಬಹುದು, ಇನ್ನೊಂದು ಸ್ಟಡ್ ಹಿಡಿದುಕೊಂಡಿರುತ್ತದೆ. ಹೊಟ್ಟೆಯ ತಳದಲ್ಲಿ ಆಕಾರ ಒಂದೇ ಸಾಲಿಗೆ 2 ಸ್ಟಡ್ ಹಿಗ್ಗುತ್ತದೆ. ಅಲ್ಲಿ ಗೋಡೆ 4 ಸ್ಟಡ್ ದಪ್ಪ ಇರಲಿ. ಮೇಲೆ ಬೆನ್ನು ಮುಚ್ಚುವಾಗಲೂ ಹಾಗೆಯೇ, ಒಳಕ್ಕೆ. ಐದೈದು ಸಾಲಿಗೊಮ್ಮೆ ಎದೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಉದ್ದದ ಬ್ರಿಕ್‌ನ ತೊಲೆ ಹಾಕಿ. ಹಾಕಿದ ಮೇಲೆ ಎರಡೂ ಅಂಗೈಯಿಂದ ಪಕ್ಕೆಗಳನ್ನು ಒತ್ತಿ ನೋಡಿ. ಕಿರ್ ಅಂತ ಸದ್ದು ಬಂದರೆ ಎಲ್ಲೋ ಸಂದಿಯ ಮೇಲೆ ಸಂದಿ ಬಂದಿದೆ.

ರೆಕ್ಕೆಯನ್ನು ಮೈ ಜೊತೆಗೇ ಕಟ್ಟಬೇಡಿ. ಬೇರೆ ಹಲಗೆಯಾಗಿ ಕಟ್ಟಿ, ಪಕ್ಕಕ್ಕೆ ಸ್ಟಡ್ ಇರುವ ಬ್ರಿಕ್‌ಗಳಿಗೆ ಸಿಕ್ಕಿಸಿ. ಬಿಳಿ ಪಟ್ಟೆ ಸರಿ ಕಾಣದಿದ್ದರೆ ಹಲಗೆ ತೆಗೆದು ತಿದ್ದಬಹುದು. ಬಾಲವೂ ಹಾಗೆ. ಬಾಲದ ಪ್ಲೇಟ್‌ಗಳನ್ನು ಉದ್ದುದ್ದಕ್ಕೆ ಒಂದರ ಮೇಲೊಂದು ಹಾಯುವಂತೆ ಎರಡು ಪದರ ಮಾಡಿ, ಬುಡದಲ್ಲಿ ಟೆಕ್ನಿಕ್ ಪಿನ್ ಕೊಡಿ.

ಕೊಕ್ಕು

ಅರ್ಧ ಅಳತೆಯಲ್ಲಿ ಕೊಕ್ಕು ತಲೆಯಿಂದ ಮುಂದಕ್ಕೆ 15 ಸ್ಟಡ್‌ನಷ್ಟು ಬರುತ್ತದೆ, ಹತ್ತಿರ ಹತ್ತಿರ 12 ಸೆಂ.ಮೀ. ಸಾಮಾನ್ಯವಾಗಿ ಬ್ರಿಕ್ ಜೋಡಿಸುವ ಹಾಗೆ ಮಲಗಿಸಿ ಕಟ್ಟಿದರೆ ಕೆಳಗಿನ ಪದರವನ್ನು ಅದರದೇ ಭಾರ ಎಳೆದು ಬಿಚ್ಚುತ್ತದೆ. ಒಂದು ವಾರ ನಿಲ್ಲಬಹುದು. ಆಮೇಲೆ ರಾತ್ರಿ ಹೊತ್ತು ಟಪ್ ಅಂತ ಬೀಳುತ್ತದೆ.

ಉಪಾಯ ಏನೆಂದರೆ ಕೊಕ್ಕನ್ನು ಪಕ್ಕಕ್ಕೆ ತಿರುಗಿಸಿ ಕಟ್ಟಬೇಕು. ಪ್ಲೇಟ್‌ಗಳನ್ನು ಮೇಜಿನ ಮೇಲೆ ಮಲಗಿಸಿ, ಕೊಕ್ಕಿನ ಪಕ್ಕದ ನೋಟವನ್ನೇ ಒಂದರ ಮೇಲೊಂದು 10 ಪದರ ಜೋಡಿಸಿ. 10 ಪ್ಲೇಟ್ ಅಂದರೆ 32 ಮಿ.ಮೀ., ಸರಿಯಾಗಿ 4 ಸ್ಟಡ್ ಅಗಲ. ಆಮೇಲೆ ಇಡೀ ಕಟ್ಟನ್ನು ನಿಲ್ಲಿಸಿ ತಲೆಗೆ ಸೇರಿಸಿದರೆ ಸ್ಟಡ್‌ಗಳು ಪಕ್ಕಕ್ಕೆ ಮುಖ ಮಾಡಿರುತ್ತವೆ. ಈಗ ಭಾರ ಕೆಳಕ್ಕೆ ಬಿದ್ದರೂ ಯಾವ ಪದರವನ್ನೂ ಬಿಚ್ಚುವ ದಿಕ್ಕಿಗೆ ಎಳೆಯುವುದಿಲ್ಲ. ಇನ್ನೊಂದು ಲಾಭ, ಪಕ್ಕದ ನೋಟ 8×8 ಮಿ.ಮೀ. ಚೌಕಗಳಲ್ಲಿ ಬರುವುದರಿಂದ ದುಂಡು ಮೂಲೆಯ ಪ್ಲೇಟ್, ಓರೆ ಪ್ಲೇಟ್ ಹಾಕಿ ಕೊಕ್ಕಿನ ಬಾಗನ್ನು ನುಣುಪಾಗಿ ತೆಗೆಯಬಹುದು. ತುದಿಗೆ ಹೋದ ಹಾಗೆ ಎರಡೂ ಬದಿಯಿಂದ ಒಂದೊಂದು ಪದರ ಕಡಿಮೆ ಮಾಡುತ್ತಾ ಹೋಗಿ.

ನಡುವಿನ ನಾಲ್ಕು ಪದರ ಕೊಕ್ಕಿನ ಬುಡಕ್ಕೆ ನಿಲ್ಲಬಾರದು. ತಲೆಯೊಳಗೆ ಹಾದು ಕುತ್ತಿಗೆಯ ಹಿಂಭಾಗದವರೆಗೂ ಹೋಗಬೇಕು. ತಲೆಯ ಕಪ್ಪು ಬ್ರಿಕ್‌ಗಳು ಈ ಪದರಗಳ ಮೇಲೆ ಹೊದಿಕೆ ಮಾತ್ರ.

ಟೊಪ್ಪಿಯ ಮೇಲ್ಭಾಗ ಮಟ್ಟಸವಾಗಿಲ್ಲ, ಎರಡು ಅಂಚು ಎದ್ದು ನಡುವೆ ತಗ್ಗು ಇರುತ್ತದೆ. ಅದಕ್ಕೆ ನಡುವಿನ ಪದರಗಳನ್ನು ಮೇಲ್ಗಡೆ ಒಂದು ಸ್ಟಡ್ ಗಿಡ್ಡ ಮಾಡಿದರೆ ಸಾಕು. ಈ ತಗ್ಗು ಮರೆತ ಮಂಗಟ್ಟೆಗಳನ್ನು ನೋಡಿದಾಗ ಬಾಳೆಹಣ್ಣು ಕಚ್ಚಿಕೊಂಡ ಕಾಗೆಯೇ ಕಾಣುತ್ತದೆ. ಬಣ್ಣ ಕೊಕ್ಕಿಗೆ ಹಳದಿ, ಟೊಪ್ಪಿಗೆ ತುಸು ಕಿತ್ತಳೆ ಸೇರಿದ ಹಳದಿ.

ಈಗ ತೂಕದ ಲೆಕ್ಕ. ಕೊಕ್ಕನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 80 ಗ್ರಾಂ ಇದೆ, ಅದರ ನಡುಭಾಗ ಕೊಂಬೆಯಿಂದ 10 ಸೆಂ.ಮೀ. ಮುಂದೆ ಇದೆ ಎಂದುಕೊಳ್ಳಿ. ಗುಣಿಸಿದರೆ 800. ಹಿಂದೆ 8 ಸೆಂ.ಮೀ. ದೂರದ ಬಾಲದ ಬುಡದಲ್ಲಿ 100 ಗ್ರಾಂ ಇದ್ದರೆ ಅದೂ 800. ಸಮ ಆಯಿತು. ಕಡಿಮೆ ಬಿದ್ದರೆ ಬಾಲದ ಬುಡದ ಟೊಳ್ಳಿಗೆ ಬ್ರಿಕ್ ತುಂಬಿ. 2×4 ಬ್ರಿಕ್ ಒಂದಕ್ಕೆ 2.3 ಗ್ರಾಂ ಹತ್ತಿರ ತೂಗುತ್ತದೆ. ಸಮ ಆದ ಹಕ್ಕಿಯನ್ನು ಕೊಂಬೆಯ ಮೇಲೆ ಪಿನ್ ಇಲ್ಲದೆ ಸುಮ್ನೆ ಇಟ್ಟರೂ ಅದು ಮುಗ್ಗರಿಸುವುದಿಲ್ಲ. ಪಿನ್ ಹೊಡೆಯುವ ಮುಂಚೆ ಹೀಗೆ ಇಟ್ಟು ನೋಡಲೇಬೇಕು. ಪಿನ್ ಇದೆಯಲ್ಲ ಎಂದು ಧೈರ್ಯ ಮಾಡಿದರೆ ಪ್ಲಾಸ್ಟಿಕ್ ದಿನಾ ಬಾಗಿಕೊಂಡೇ ನಿಂತಿರುತ್ತದೆ.

ಮೇಲ್ಮೈ

ನಯವಾದ ಟೈಲ್ ಹಾಕಿ ಸ್ಟಡ್ ಎಲ್ಲ ಮುಚ್ಚಬೇಕೇ? ಈಗ ಹಾಗೆ ಮಾಡುವವರೇ ಜಾಸ್ತಿ. ನನಗೆ ಮಾತ್ರ ಮೈಯ ಮೇಲೆ ಸ್ಟಡ್ ಇರಬೇಕು, ಕೊಕ್ಕು ಮಾತ್ರ ನುಣುಪಾಗಿರಬೇಕು. ಕಪ್ಪು ಪುಕ್ಕದ ಒರಟು ಒಂದು ಕಡೆ, ಕೊಕ್ಕಿನ ಹೊಳಪು ಇನ್ನೊಂದು ಕಡೆ, ಬೆಳಕು ಬಿದ್ದಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕಣ್ಣು ಕೊನೆಗೆ. ಕಪ್ಪು ಮುಖದಲ್ಲಿ ದುಂಡು 1×1 ಕೆಂಪು ಪ್ಲೇಟ್. ಒಂದು ಸ್ಟಡ್‌ನಷ್ಟು ಮೇಲಕ್ಕೆ ಇಟ್ಟರೆ ಹಕ್ಕಿ ಬೆಚ್ಚಿದ ಹಾಗೆ, ಕೆಳಗೆ ಇಟ್ಟರೆ ತೂಕಡಿಸುವ ಹಾಗೆ ಕಾಣುತ್ತದೆ. ಮೂರ್ನಾಲ್ಕು ಕಡೆ ಇಟ್ಟು ಫೋನಿನಲ್ಲಿ ಫೋಟೋ ತೆಗೆದು ಹೋಲಿಸಿ.

ಅಂಟು, ಸಾಗಣೆ, ಮಳೆ

ಪ್ರದರ್ಶನಗಳ ದೊಡ್ಡ ಶಿಲ್ಪಗಳಿಗೆ ಅಂಟು ಹಾಕುತ್ತಾರೆ, ಜನ ಮುಟ್ಟುತ್ತಾರಲ್ಲ. ಮನೆಯ ಶಿಲ್ಪಕ್ಕೆ ಅದು ಬೇಡ. ಬ್ರಿಕ್‌ನ ಎಬಿಎಸ್ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವ ದ್ರಾವಕಗಳ ಆವಿ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಮಳೆ ಅಂತ ಕಿಟಕಿ ಮುಚ್ಚಿ, ಒಲೆ ಉರಿಯುವ ಮನೆಯಲ್ಲಿ ಅದನ್ನು ತೆರೆಯಲೇಬಾರದು.

ಮಡಿಕೇರಿಗೋ ಮೈಸೂರಿಗೋ ಒಯ್ಯುವುದಿದ್ದರೆ ತಲೆ, ಮೈ, ಬಾಲ, ಕೊಂಬೆ ನಾಲ್ಕನ್ನೂ ಬಿಡಿಸುವಂತೆ ಮೊದಲೇ ಕಟ್ಟಿರಬೇಕು. ಕೊಕ್ಕು ಮೇಲ್ಮುಖವಾಗಿ ನಿಲ್ಲುವ ಹಾಗೆ ತಲೆಯನ್ನು ಡಬ್ಬಿಯಲ್ಲಿಡಿ. ಸುತ್ತ ಹಳೆ ಟವೆಲ್ ತುರುಕಿ. ತೋಟದ ರಸ್ತೆಯ ಕುಲುಕಾಟಕ್ಕೆ ಬಬಲ್ ರ‍್ಯಾಪ್‌ಗಿಂತ ಅದೇ ಮೇಲು.

ಈ ಪ್ಲಾಸ್ಟಿಕ್ ನಮ್ಮ ತೇವಕ್ಕೆ ಹಾಳಾಗುವುದಿಲ್ಲ, ಆದರೆ ಮೇಲೆ ಕೂತ ದೂಳಿಗೆ ಬೂಷ್ಟು ಹಿಡಿಯುತ್ತದೆ. ಮೆತ್ತನೆ ಪೇಂಟ್ ಬ್ರಶ್‌ನಿಂದ ವಾರಕ್ಕೊಮ್ಮೆ ಕೊಡವಿ. ಬಿಳಿ ಬ್ರಿಕ್ ಬಿಸಿಲಿಗೆ ಹಳದಿಯಾಗುತ್ತದೆ, ಕಿಟಕಿಯ ಎದುರು ಇಡಬೇಡಿ. ಹೊಗೆ ಹಿಡಿದರೆ ಬಿಚ್ಚಿ, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬಹುದು. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ತೊಳೆದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಯೋಚನೆ ಬಿಡಿ. ಬ್ರಿಕ್‌ನ ಬಾಯಿ ಕೆಳಗೆ ಮಾಡಿ, ಬಟ್ಟೆಯ ಮೇಲೆ ಹರಡಿ, ಫ್ಯಾನ್ ಹಾಕಿ. ಒಳಗಿನ ಕೊಳವೆಗಳಲ್ಲಿ ನೀರು ನಿಂತಿರುತ್ತದೆ, ಮಾರನೇ ದಿನ ಒಂದೆರಡನ್ನು ಎತ್ತಿ ಕೊಡವಿ ನೋಡಿ ಆಮೇಲೆ ಡಬ್ಬಿಗೆ ಹಾಕಿ.